ಪಾವಗಡಕ್ಕೆ ವರ್ಗ ಬೇಡಿದ ಕಾಂಪೌಂಡರು

ಅಂದು ಬುಧವಾರ, ಕಾರ್ತಿಕ ಮಾಸ. ಪಾವಗಡದ ನಮ್ಮ ಬಾಡಿಗೆ ಮನೆಯ ಜಗಲಿಯ ಮೇಲೆ ನನ್ನ ಹೆಂಡತಿ ಸಿದ್ಧಗಂಗಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು. ಪಕ್ಕದ ಮನೆಯ ಲಕ್ಷ್ಮಕ್ಕ ಎದುರಿಗೆ ಕೂತು ಸುಲಿದದ್ದರಲ್ಲಿ ಅರ್ಧವನ್ನು ತಿನ್ನುತ್ತಿದ್ದಳು. ಅಷ್ಟು ಹೊತ್ತಿಗೆ ಗಂಗಮ್ಮ ಬಾವಿಯಿಂದ ಎರಡು ಸಲ ನೀರು ತಂದಿದ್ದಳು, ಅಂಗಳ ಗುಡಿಸಿದ್ದಳು, ರಾಗಿ ಬೀಸಿದ್ದಳು. ನಡುವೆ ಎಲ್ಲಿಯೂ ಉಸಿರಿಗಾಗಿ ಕಂಬ ಹಿಡಿದು ನಿಂತಿರಲಿಲ್ಲ. ನಾನು ಇದನ್ನು ಗಮನಿಸಲಿಲ್ಲ. ನಾಲ್ಕು ವರ್ಷಗಳಿಂದ ಹಾಗೆಯೇ ಇದ್ದುದರಿಂದ ಗಮನಿಸುವುದನ್ನೇ ಬಿಟ್ಟಿದ್ದೆ.

ಲಕ್ಷ್ಮಕ್ಕನ ಮಾತಿನಲ್ಲಿ ತೆಲುಗು ಹೆಚ್ಚು, ಕನ್ನಡ ಕಡಿಮೆ. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಅವಳು ಕೇಳಿದಳು: "ಏಮಮ್ಮಾ ಗಂಗಮ್ಮ, ಮೀ ಆಯನ ಇವತ್ತು ನಗ್ತಾ ಹೋಗ್ತಾವ್ರೆ, ಏನ್ ಕತೆ?"

"ಯಾರ್ದೋ ಕಾಲಿಂದ ಹುಳ ಎಳೀಬೇಕಂತೆ," ಎಂದಳು ಗಂಗಮ್ಮ. "ಅದೇ ಅವ್ರಿಗೆ ಹಬ್ಬ."

ಅವಳು ಹೇಳಿದ್ದು ನಿಜ. ಒಬ್ಬ ರೈತನ ಕಾಲಿನಲ್ಲಿ ನಾರುಹುಣ್ಣು ಎದ್ದಿತ್ತು. ಹುಳದ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಗಲ ಮಾತ್ರ ಎಳೆಯಬೇಕು. ಅವಸರಪಟ್ಟರೆ ಒಳಗೇ ತುಂಡಾಗಿ ಕಾಲು ಬಾತುಕೊಳ್ಳುತ್ತದೆ. ಹದಿನೈದು ದಿನ ಎಳೆದಿದ್ದೆ. ಅಂದು ಕೊನೆಯ ತುದಿ ಬಂತು. ಮಧ್ಯಾಹ್ನ ಮನೆಗೆ ಬಂದು ಮುದ್ದೆ, ಹುರುಳಿಕಾಳಿನ ಸಾರು ಉಂಡೆ. ಸಂಜೆ ಇಬ್ಬರೂ ಜಗಲಿಯ ಮೇಲೆ ಕೂತಿದ್ದೆವು. ಏನು ಮಾತನಾಡಿದೆವೋ ನೆನಪಿಲ್ಲ. ಅಷ್ಟೇ ಆ ದಿನ.

ಮರುದಿನದ ಟಪಾಲಿನಲ್ಲಿ ನನಗೆ ಬಡ್ತಿಯ ಹುಕುಂ ಬಂತು.

ಬಡ್ತಿಗಳ ವಿಷಯ ಬರೆಯಬೇಡಿ, ಅದು ಓದುವವರಿಗೆ ಬೇಸರ ಎಂದು ಈ ಬರಹವನ್ನು ಕೇಳಿದ ತರುಣ ಮಿತ್ರರು ನನ್ನನ್ನು ಎಚ್ಚರಿಸಿದ್ದಾರೆ. ಅವರು ಈಗತಾನೆ ಔಷಧಶಾಲೆಗಳಲ್ಲಿ ಕೆಲಸಕ್ಕೆ ಸೇರಿದವರು. ಕೆಲಸ ನಿಜವಾಗಿ ಹೇಗಿತ್ತು ಎಂಬುದು ಅವರಿಗೆ ಬೇಕಂತೆ. ಅವರ ಮಾತಿನಂತೆ ಉಳಿದ ಬಡ್ತಿಗಳನ್ನೆಲ್ಲ ಬಿಟ್ಟಿದ್ದೇನೆ. ಉಳಿದವು ಇರಲೂ ಇಲ್ಲ. ಈ ಒಂದನ್ನು ಬಿಡಲು ಆಗುವುದಿಲ್ಲ. ಆದರೆ ಅದಕ್ಕೆ ಮೊದಲು ಹಿಂದಿನಿಂದ ಹೇಳಬೇಕು.

ನಾನು ಕೆಲಸಕ್ಕೆ ಸೇರಿದ್ದು ಮಧುಗಿರಿಯಲ್ಲಿ. ಹಳಬರು ಇನ್ನೂ ಮದ್ದಗಿರಿ ಎಂದೇ ಕರೆಯುತ್ತಿದ್ದ ಕಾಲ. ಕಾಂಪೌಂಡರನ ಕೆಲಸವೆಂದರೆ ಡಾಕ್ಟರು ಬರೆದ ಚೀಟಿ ನೋಡಿ ಔಷಧ ಬೆರೆಸಿ ಕೊಡುವುದು. ರೋಗಿಗಳು ಸೀಸೆಯನ್ನು ಮನೆಯಿಂದಲೇ ತರಬೇಕಿತ್ತು. ಹರಳೆಣ್ಣೆಯ ಸೀಸೆ, ಪನ್ನೀರಿನ ಸೀಸೆ, ಎಂಥದ್ದಾದರೂ ಸರಿ. ಔಷಧ ತುಂಬಿ, ಒಂದು ಕಾಗದದ ಪಟ್ಟಿಯನ್ನು ಕಚ್ಚು ಕಚ್ಚಾಗಿ ಕತ್ತರಿಸಿ ಸೀಸೆಗೆ ಅಂಟಿಸುತ್ತಿದ್ದೆ. ಒಂದು ಕಚ್ಚು ಇಳಿದರೆ ಒಂದು ಹೊತ್ತಿನ ಔಷಧ. ಓದು ಬಾರದವರಿಗೂ ಅದು ತಿಳಿಯುತ್ತಿತ್ತು. ಕೆಲವರು ಬೇಗ ಗುಣವಾಗಲೆಂದು ಎಲ್ಲ ಕಚ್ಚುಗಳನ್ನೂ ಒಂದೇ ಹೊತ್ತಿಗೆ ಕುಡಿದು ಮತ್ತೆ ಸೀಸೆ ಹಿಡಿದು ಬರುತ್ತಿದ್ದರು.

ಮಧುಗಿರಿಯ ಬೆಟ್ಟವನ್ನು ನೋಡಿದವರೆಲ್ಲ ಹೊಗಳುತ್ತಾರೆ. ನಮ್ಮ ಮನೆ ಅದರ ಬುಡದಲ್ಲಿತ್ತು. ಕಾರ್ತಿಕ ಕಳೆದು ಚಳಿ ಇಳಿದರೆ ಅಲ್ಲಿ ಗಾಳಿ ನಿಂತುಬಿಡುತ್ತಿತ್ತು. ಬೆಳಿಗ್ಗೆ ಮನೆಮನೆಯ ಹಂಡೆಯ ಒಲೆಯಿಂದ ಹೊರಟ ಹೊಗೆ ತೆಂಗಿನಮರದ ಎತ್ತರಕ್ಕೆ ಏರಿ, ಮುಂದೆ ಹೋಗಲು ಮನಸ್ಸಿಲ್ಲದೆ ಅಡ್ಡಕ್ಕೆ ಹರಡಿ, ಬಿಸಿಲು ಬಲಿಯುವವರೆಗೂ ಕಂಬಳಿಯಂತೆ ಊರ ಮೇಲೆ ಬಿದ್ದಿರುತ್ತಿತ್ತು. ಒಮ್ಮೆ ಮಾರ್ಗಶಿರದಲ್ಲಿ ಬೆಟ್ಟದ ಮೆಟ್ಟಿಲು ಹತ್ತಿ ತಿರುಗಿ ನೋಡಿದ್ದೆ. ಊರು ಇರಲಿಲ್ಲ. ಗುಡಿಯ ಗೋಪುರದ ತುದಿ ಮಾತ್ರ ಇತ್ತು. ಕಂಬಳಿಯ ಒಳಗಿನಿಂದ ಕೆಮ್ಮು ಕೇಳುತ್ತಿತ್ತು.

ಪುಷ್ಯದಲ್ಲಿ ಕಣದ ಕೆಲಸ. ತುಳಿಸಿದ ರಾಗಿಯನ್ನು ತೂರಲು ಗಾಳಿ ಬೇಕು, ಗಾಳಿ ಇಲ್ಲ. ರೈತರು ಮೊರ ಹಿಡಿದು ದಿನಗಟ್ಟಲೆ ಕಾಯುತ್ತಿದ್ದರು. ಯಾವಾಗಲೋ ಒಂದು ಮಧ್ಯಾಹ್ನ ಗಾಳಿ ಬಂದರೆ ಸುತ್ತಲಿನ ಎಲ್ಲ ಕಣಗಳಲ್ಲೂ ಒಟ್ಟಿಗೆ ತೂರುತ್ತಿದ್ದರು. ರಾಗಿ ಕಣದಲ್ಲಿ ಉಳಿಯುತ್ತಿತ್ತು, ಹೊಟ್ಟಿನ ಧೂಳು ನಮ್ಮ ಬೀದಿಗೆ ಬರುತ್ತಿತ್ತು. ಅದು ಮುಗಿಯಿತೆನ್ನುವಾಗ ದನಕಾಯುವವರು ಹೊಸ ಹುಲ್ಲು ಚಿಗುರಲೆಂದು ಬೆಟ್ಟದ ಒಣಹುಲ್ಲಿಗೆ ಬೆಂಕಿ ಇಡುತ್ತಿದ್ದರು. ಆಮೇಲೆ ಬೇಸಿಗೆಯ ಮಣ್ಣು. ಆಷಾಢದ ಗಾಳಿ ಬಂದು ಎಲ್ಲವನ್ನೂ ಗುಡಿಸಿಕೊಂಡು ಹೋದ ಮೇಲೆ ಎರಡು ಮೂರು ತಿಂಗಳು ನಮಗೆ ನೊಣ ಹೊಡೆಯುವ ಕೆಲಸ. ಕೆಮ್ಮಿನ ಔಷಧ ಜಾಡಿಯಲ್ಲಿ ಎಷ್ಟು ಇಳಿದಿದೆ ಎಂದು ನೋಡಿ ನಾನು ಯಾವ ಮಾಸವೆಂದು ಹೇಳಬಲ್ಲವನಾಗಿದ್ದೆ.

ಉಬ್ಬಸಕ್ಕೆ ಆ ದಿನಗಳಲ್ಲಿ ನಮ್ಮಲ್ಲಿದ್ದ ಔಷಧ ಮತ್ತಷ್ಟು ಹೊಗೆ. ತಮಾಷೆಗೆ ಹೇಳುತ್ತಿಲ್ಲ. ಉಮ್ಮತ್ತಿ, ಎಂದರೆ ದತ್ತೂರಿಯ, ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಚೆನ್ನಾಗಿ ಉರಿಯಲೆಂದು ಪೆಟ್ಲುಪ್ಪು ಬೆರೆಸಿ ಪೊಟ್ಟಣ ಕಟ್ಟುತ್ತಿದ್ದೆ. ರೋಗಿ ಅದನ್ನು ಹೆಂಚಿನ ಚೂರಿನ ಮೇಲೆ ಹಾಕಿ ಕಿಡಿ ತಾಗಿಸಿ, ತಲೆಯ ಮೇಲೆ ಬಟ್ಟೆ ಹೊದ್ದು, ಹೊಗೆ ಎಳೆಯಬೇಕು. ಗಳಿಗೆ ಹೊತ್ತಿನಲ್ಲಿ ಎದೆ ಸಡಿಲವಾಗುತ್ತಿತ್ತು. ದೊಡ್ಡ ಪುಸ್ತಕಗಳಲ್ಲೇ ಹಾಗೆ ಬರೆದಿತ್ತು. ಹೊಗೆಯಿಂದ ಕೆಟ್ಟವರಿಗೆ ಹೊಗೆಯನ್ನೇ ಕೊಡುತ್ತ ನಾನು ಒಳ್ಳೆಯ ಹೆಸರು ತೆಗೆದುಕೊಂಡೆ.

ಹೆಸರು ಕೆಡುವುದು ಸ್ವಲ್ಪದರಲ್ಲಿ ತಪ್ಪಿದ್ದೂ ಉಂಟು. ಮಿಡಿಗೇಶಿ ಕಡೆಯ ಮುದುಕನೊಬ್ಬನಿಗೆ ಪೊಟ್ಟಣ ಕೊಟ್ಟು, ಮೂರು ದಿನಕ್ಕೆ ಎಂದೆ. ಸುಟ್ಟು ಹೊಗೆ ಎಳೆಯಬೇಕೆಂದು ಹೇಳಲು ಆ ಗಡಿಬಿಡಿಯಲ್ಲಿ ಮರೆತೆ. ಅವನು ಮನೆಗೆ ಹೋಗಿ ಜೇನುತುಪ್ಪದಲ್ಲಿ ಕಲೆಸಿ ತಿಂದ. ಮರುದಿನ ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಗಾಳಿಯಲ್ಲಿ ಯಾರಿಗೋ ಕೈಮುಗಿಯುತ್ತಿದ್ದ. ಡಾಕ್ಟರು ವಾಂತಿ ಮಾಡಿಸಿ ಉಳಿಸಿದರು. ಎಚ್ಚರವಾದ ಮೇಲೆ ನಾನು ತಪ್ಪಾಯಿತೆಂದು ಹೇಳಲು ಹತ್ತಿರ ಹೋದರೆ ಅವನೇ ನನ್ನ ಕೈ ಹಿಡಿದುಕೊಂಡ.

"ಸ್ವಾಮಿ, ಸತ್ತೋಗಿ ಇಪ್ಪತ್ತು ವರ್ಸಾಗಿದ್ದ ನಮ್ಮಪ್ಪ ಬಂದಿದ್ದ. ಬಾವಿ ಎಲ್ಲಿ ತೆಗೀಬೇಕು ಅಂತ ಯೋಳ್ತಿದ್ದ. ಅಷ್ಟ್ರಲ್ಲಿ ನೀವು ಕಕ್ಕುಸ್ಬುಟ್ರಿ. ಇನ್ನೊಂದು ಪೊಟ್ಣ ಕೊಡಿ, ಕೇಳ್ಕಂಡ್ ಬತ್ತೀನಿ."

ಹೊಳವನಹಳ್ಳಿಯ ಗೌಡರೊಬ್ಬರದು ಬೇರೆ ಕಥೆ. ಅವರಿಗೆ ಉಬ್ಬಸ ಬರುತ್ತಿದ್ದುದು ಕಬ್ಬು ಅರೆಯುವ ಕಾಲದಲ್ಲಿ ಮಾತ್ರ. ಆಲೆಮನೆಯ ಒಲೆಯನ್ನು ಮನೆಯಿಂದ ದೂರ ಮಾಡಿ ಎಂದು ನಾನೇ ಬುದ್ಧಿ ಹೇಳಿದೆ. ಅವರು ಮಾಡಿದರು. ಮರುವರ್ಷ ಅವರು ಬರಲಿಲ್ಲ, ಅವರ ದಾಯಾದಿ ಬಂದರು. ಒಲೆ ಈಗ ಅವರ ಮನೆಯ ಬೆನ್ನಿಗಿತ್ತು. ಆ ಊರಿನಲ್ಲಿ ನನ್ನ ಬುದ್ಧಿಮಾತಿಗೆ ಅಂದಿನಿಂದ ಬೆಲೆ ಹೆಚ್ಚಾಯಿತು. ಯಾರನ್ನು ಕಂಡರೆ ಆಗದೋ ಅವರ ಕಡೆಗೆ ಒಲೆ ತಿರುಗಿಸುವುದಕ್ಕೆ ನನ್ನ ಹೆಸರು ಹೇಳುತ್ತಿದ್ದರು.

ಗಂಗಮ್ಮ ತೋವಿನಕೆರೆಯವಳು. ಮದುವೆಯಾಗಿ ಬಂದಾಗ ಅವಳಿಗೆ ನೆಗಡಿ ಕೂಡ ಬರುತ್ತಿರಲಿಲ್ಲ. ಮಧುಗಿರಿಯಲ್ಲಿ ಮೂರನೆಯ ಚಳಿಗಾಲಕ್ಕೆ ಕೆಮ್ಮು, ಐದನೆಯದಕ್ಕೆ ಉಬ್ಬಸ. ಮಾರ್ಗಶಿರದಿಂದ ಮಾಘದವರೆಗೆ ಅವಳು ಮಲಗಿದ್ದನ್ನು ನಾನು ಕಂಡಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ನಾನು ಕಟ್ಟಿದ ಪೊಟ್ಟಣವನ್ನು ನಾನೇ ಹೊತ್ತಿಸಿ ಮುಂದಿಡುತ್ತಿದ್ದೆ. ಸೆರಗು ಹೊದ್ದು ಹೊಗೆ ಎಳೆದು, ಉಸಿರು ಬಂದ ಮೇಲೆ, "ಊರ್ಗೆಲ್ಲ ಹೊಗೆ ಮಾರ್ತೀರ, ನನ್ಗೆ ಬಿಟ್ಟಿ," ಎನ್ನುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಮಾತು ಕೇಳುವವಳು ಅವಳು, ಹೇಳುವವಳೂ ಅವಳು.

ಒಂದು ಮಾಘದಲ್ಲಿ ಅವಳ ತಂಗಿಯ ಮಗಳ ಮದುವೆ ಪಾವಗಡದಲ್ಲಿ ನಡೆಯಿತು. ಎಂಟು ದಿನ ಅಲ್ಲಿದ್ದೆವು. ಮೊದಲ ರಾತ್ರಿಯೇ ಅವಳು ಮಲಗಿ ನಿದ್ದೆ ಮಾಡಿದಳು. ಎಂಟು ದಿನವೂ ಹಾಗೆಯೇ. ಪಾವಗಡಕ್ಕೂ ಬೆಟ್ಟವಿದೆ, ಆದರೆ ಅದು ಬಯಲಿನ ನಡುವೆ ಒಂಟಿ ಬೆಟ್ಟ. ಹೊಗೆಯನ್ನು ಹಿಡಿದಿಡಲು ಅದಕ್ಕೆ ಜೊತೆಯವರಿಲ್ಲ. ನಾಲ್ಕೂ ಕಡೆ ಒಣಗಾಳಿ. ಹಿಂದಿರುಗುವ ಬಸ್ಸಿನಲ್ಲಿ ಮಧುಗಿರಿಯ ಬೆಟ್ಟ ಕಂಡ ಕೂಡಲೇ ಅವಳು ಸೆರಗನ್ನು ಮೂಗಿಗೆ ಹಿಡಿದಳು. ನಾನು ಆ ವಾರವೇ ಅರ್ಜಿ ಬರೆದೆ: ನನ್ನನ್ನು ಪಾವಗಡಕ್ಕೆ ವರ್ಗ ಮಾಡಬೇಕು, ಇಲ್ಲಿನ ಹವಾ ಹೆಂಡತಿಗೆ ಒಗ್ಗುವುದಿಲ್ಲ.

ಇದರ ಸ್ವಾರಸ್ಯ ಈಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮ ಕಾಲದಲ್ಲಿ ಪಾವಗಡಕ್ಕೆ ಯಾರೂ ಕೇಳಿಕೊಂಡು ಹೋಗುತ್ತಿರಲಿಲ್ಲ. ತಪ್ಪು ಮಾಡಿದವರನ್ನು ಅಲ್ಲಿಗೆ ಕಳಿಸುತ್ತಿದ್ದರು. ಹೋದವರು ದೊಡ್ಡವರ ಕಾಲು ಹಿಡಿದು ಹಿಂದಿರುಗುತ್ತಿದ್ದರು. ನೀರಿಲ್ಲ, ನೆರಳಿಲ್ಲ, ಸುತ್ತ ಮದ್ರಾಸು ಸೀಮೆ. ಅಂಥ ಊರನ್ನು ಬೇಡುವವನು ಒಂದೋ ಹುಚ್ಚನಾಗಿರಬೇಕು, ಇಲ್ಲವೆ ಅವನಲ್ಲಿ ಏನೋ ಗುಟ್ಟಿರಬೇಕು. ಗುಮಾಸ್ತರು ಗುಟ್ಟು ಎಂದು ತೀರ್ಮಾನಿಸಿದರು. ಪಾವಗಡದಲ್ಲಿ ನನಗೆ ಎರಡನೆಯ ಸಂಸಾರವಿದೆ ಎಂದು ಸುದ್ದಿಯಾಯಿತು. ಗಂಗಮ್ಮನಿಗೆ ಅದು ಬಾವಿಕಟ್ಟೆಯಲ್ಲಿ ತಿಳಿಯಿತು.

"ಇದ್ರೆ ಅಲ್ಲಿಗೇ ಕರ್ಕೊಂಡೋಗ್ಬುಡಿ," ಎಂದಳು. "ಅವಳ್ಗೆ ಮುದ್ದೆ ತಿರುವ್ಕೊಟ್ಟು ಒಂದ್ ಮೂಲೇಲಿ ಬಿದ್ದಿರ್ತೀನಿ. ಉಸಿರಾದ್ರೂ ಆಡ್ತೀನಲ್ಲ." ಹೇಳಿ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಉಬ್ಬಸವಾಗಿ, ಪೊಟ್ಟಣ ಹೊತ್ತಿಸಬೇಕಾಯಿತು.

ಮೇಲಿನ ಅಧಿಕಾರಿಗಳು ನನ್ನನ್ನು ಕರೆಸಿದರು. ಅವರ ಹೆಸರು ಇಲ್ಲಿ ಬೇಡ, ಕೆಟ್ಟವರಲ್ಲ. ಅವರ ಮೇಜಿನ ಮೇಲೆ ನಾನು ತಿಂಗಳು ತಿಂಗಳು ಕಳಿಸಿದ ವರದಿಗಳ ಕಟ್ಟು ಇತ್ತು. ಆ ವರದಿಯ ಕೊನೆಯಲ್ಲಿ "ಊರಿನ ಹವಾ" ಎಂದೊಂದು ಕಲಂ. ನನ್ನ ಹಿಂದೆ ಇದ್ದವರು ಅದರಲ್ಲಿ "ಆರೋಗ್ಯಕರವಾಗಿದೆ" ಎಂದು ಬರೆಯುತ್ತಿದ್ದರು. ಅವರ ಹಿಂದಿನವರೂ ಅದನ್ನೇ ಬರೆದಿದ್ದರು. ಅದು ಬರೆಯಬೇಕಾದ ಮಾತೆಂದೇ ತಿಳಿದು ನಾನೂ ಬರೆದೆ. ಒಳಮನೆಯಲ್ಲಿ ಗಂಗಮ್ಮ ಗೋಡೆಗೆ ಒರಗಿ ಉಸಿರೆಳೆಯುತ್ತಿದ್ದಾಗ ನಡುಮನೆಯಲ್ಲಿ ಕೂತು ಬರೆದದ್ದೂ ಇದೆ. ನನ್ನ ಅಕ್ಷರ ದುಂಡಗಿತ್ತು.

"ಇದು ನಿಮ್ಮ ಬರವಣಿಗೆಯೇ?" ಎಂದು ಅಧಿಕಾರಿಗಳು ಕೇಳಿದರು.

"ಹೌದು ಸ್ವಾಮಿ."

"ಆರು ವರ್ಷದಿಂದ ಹವಾ ಆರೋಗ್ಯಕರ ಅಂತ ಬರೆದಿದ್ದೀರಿ. ಅರ್ಜಿಯಲ್ಲಿ ಹವಾ ಕೆಟ್ಟದ್ದು ಅಂತ ಬರೆದಿದ್ದೀರಿ. ಎರಡರಲ್ಲಿ ಯಾವುದನ್ನು ನಂಬಲಿ?"

ಅವರು ಕನಿಕರದಿಂದ, ನಿಮ್ಮಂಥ ಕೆಲಸಗಾರನನ್ನು ಅಂಥ ಊರಿಗೆ ತಳ್ಳಲು ಮನಸ್ಸು ಬಾರದು ಎಂದು ಹೇಳಿ ಅರ್ಜಿಯನ್ನು ಹಿಂದಕ್ಕೆ ಕೊಟ್ಟರು.

ಆಗ ನಮ್ಮ ಡಾಕ್ಟರಾಗಿದ್ದವರು ಸಿರಾದ ಕರೀಂ ಸಾಹೇಬರು. ನಾನು ಕಂಡ ಮೇಲಿನವರಲ್ಲಿ ಅವರಷ್ಟು ಒಳ್ಳೆಯವರು ಇನ್ನೊಬ್ಬರಿಲ್ಲ. ರೋಗಿಯ ಎದೆಗೆ ಕಿವಿಯಿಟ್ಟು ಕೇಳುವ ಹಳೆಯ ಪದ್ಧತಿಯವರು. ಕೊಳವೆ ಹಾಕಿದರೆ ರೋಗಿ ದೂರವಾಗುತ್ತಾನೆ ಎನ್ನುತ್ತಿದ್ದರು. ನನ್ನ ಮುಖ ನೋಡಿ ಕೇಳಿದರು, ಹೇಳಿದೆ.

"ಮಿಯಾ, ನೀನು ಸೀದಾ ಮನುಷ್ಯ, ಅದೇ ತೊಂದರೆ," ಎಂದರು. "ಪಾವಗಡ ಅಂದ್ರೆ ಸಜಾ. ಸಜಾ ಬೇಕು ಅಂತ ಅರ್ಜಿ ಹಾಕಿದ್ರೆ ಯಾರು ಕೊಡ್ತಾರೆ? ಮೊದಲು ಒಂದು ಗುನಾ ಮಾಡು."

ತಪ್ಪು ಮಾಡುವುದು ಇಷ್ಟು ಕಷ್ಟವೆಂದು ನನಗೆ ತಿಳಿದಿರಲಿಲ್ಲ. ಒಂದು ವಾರ ದಿನವೂ ತಡವಾಗಿ ಹೋದೆ. ಚಳಿಗೆ ರೋಗಿಗಳೂ ತಡವಾಗಿಯೇ ಬರುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಕೆಟ್ಟುಹೋದಂತೆ ಕಂಡ ಒಂದು ಜಾಡಿ ಔಷಧವನ್ನು ಅಪ್ಪಣೆಯಿಲ್ಲದೆ ಚರಂಡಿಗೆ ಸುರಿದೆ. ಇದು ದೊಡ್ಡ ಅಪರಾಧ. ಎರಡು ದಿನಕ್ಕೆ ಹುಕುಂ ಬಂತು: ಆ ತರದ ಔಷಧ ಎಲ್ಲ ಕಡೆಯೂ ಕೆಟ್ಟಿದೆ, ತಕ್ಷಣ ಚೆಲ್ಲಬೇಕು. ಹುಕುಮಿಗೂ ಮೊದಲೇ ಚೆಲ್ಲಿದ ದಕ್ಷತೆಗೆ ನನ್ನನ್ನು ಮೆಚ್ಚಿ ಒಂದು ಕಾಗದ ಬಂತು. ಕರೀಂ ಸಾಹೇಬರು ಅದನ್ನು ಓದಿ ತಲೆಯ ಮೇಲೆ ಕೈಯಿಟ್ಟುಕೊಂಡರು.

ಮುಂದಿನ ಪುಷ್ಯದಲ್ಲಿ ಗಂಗಮ್ಮನಿಗೆ ಒಂದು ದಿನ ಉಗುರು ನೀಲಿಯಾಯಿತು. ಸಾಹೇಬರು ಸೂಜಿ ಚುಚ್ಚಿ ಉಳಿಸಿದರು. ಇನ್ನೊಂದು ಚಳಿಗಾಲ ಇಲ್ಲಿ ಬೇಡ ಎಂದು ಅವರು ನನ್ನನ್ನು ಹೊರಗೆ ಕರೆದು ಹೇಳಿದರು. ಅಂದು ತಿಂಗಳ ಕೊನೆ. ವರದಿ ಬರೆಯಲು ಕೂತವನು ಕೊನೆಯ ಕಲಮಿಗೆ ಬಂದೆ. ತಪ್ಪು ಮಾಡುವ ಯೋಚನೆ ಆಗ ಇರಲಿಲ್ಲ. "ಬೆಳಗಿನ ಹೊತ್ತು ಹೊಗೆ, ಮಧ್ಯಾಹ್ನ ಕಣದ ಧೂಳು. ಉಸಿರಾಡಲು ಯೋಗ್ಯವಲ್ಲ," ಎಂದು ಬರೆದು ಕಳಿಸಿದೆ.

ಅಲ್ಲಿಂದ ಎಲ್ಲವೂ ಬೇಗ ಬೇಗ ನಡೆಯಿತು. ಸಮಜಾಯಿಷಿ ಕೇಳಿ ಒಂದು ಕಾಗದ. ಹವಾ ಕೆಟ್ಟಿದ್ದರೆ ಊರಿನ ಅಧಿಕಾರಿಗಳು ಏನು ಮಾಡುತ್ತಿದ್ದರು ಎಂದು ಕೇಳಿ ಅವರಿಗೊಂದು ಕಾಗದ. ಅವರು ಕೋಪಗೊಂಡು ಮೇಲಕ್ಕೆ ಬರೆದ ಒಂದು ಕಾಗದ. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಂದು ಅವಕಾಶ. ತೆಗೆದುಕೊಳ್ಳಲಿಲ್ಲ. ಯುಗಾದಿಗೆ ಮೊದಲೇ ಹುಕುಂ ಬಂತು: ಶಿಸ್ತಿನ ಕಾರಣದಿಂದ ಪಾವಗಡಕ್ಕೆ ವರ್ಗ.

"ಸಣ್ಣದೊಂದು ಗುನಾ ಮಾಡು ಅಂದಿದ್ದೆ," ಎಂದರು ಕರೀಂ ಸಾಹೇಬರು. "ಇದ್ದದ್ದನ್ನ ಇದ್ದಂಗೆ ಬರಿ ಅಂತ ನಾನು ಹೇಳಿರಲಿಲ್ಲ, ಭಾಯಿ."

ಪಾವಗಡದ ನಾಲ್ಕು ವರ್ಷಗಳ ಬಗ್ಗೆ ಬರೆಯುವುದು ಕಡಿಮೆ. ಗಂಗಮ್ಮ ಮಲಗಿ ನಿದ್ದೆ ಮಾಡಿದಳು. ಲಕ್ಷ್ಮಕ್ಕನಿಂದ ತೆಲುಗು ಕಲಿತಳು, ಅವಳಿಗೆ ಮುದ್ದೆ ಕಟ್ಟುವುದನ್ನು ಕಲಿಸಿದಳು. ಅಳುತ್ತ ಬರುವ ಊರಿಗೆ ನಗುತ್ತ ಬಂದವರೆಂದು ಬೀದಿಯವರು ನಮ್ಮನ್ನು ವಿಚಿತ್ರವಾಗಿ ನೋಡುತ್ತಿದ್ದರು. ಆ ಹೊತ್ತಿಗೆ ಉಬ್ಬಸಕ್ಕೆ ಎಫೆಡ್ರಿನ್ ಎಂಬ ಹೊಸ ಗುಳಿಗೆ ಬಂದಿತ್ತು. ಉಮ್ಮತ್ತಿ ಪುಡಿಯ ಡಬ್ಬವನ್ನು ನಾನು ಅಟ್ಟಕ್ಕೆ ಹಾಕಿದೆ. ನಮ್ಮ ಮನೆಗೆ ಎರಡೂ ಬೇಕಾಗಲಿಲ್ಲ.

ನನ್ನ ತಪ್ಪು ನಡೆದದ್ದು ಅಲ್ಲಿಯೇ. ಮನಸ್ಸು ಹಗುರವಾಗಿದ್ದುದರಿಂದ ನಾನು ಚೆನ್ನಾಗಿ ಕೆಲಸ ಮಾಡಿದೆ. ನಾರುಹುಣ್ಣು ಹರಡುವುದು ಮೆಟ್ಟಿಲುಬಾವಿಗಳಿಂದ. ಹುಣ್ಣಿನ ಕಾಲನ್ನು ನೀರಿಗಿಟ್ಟು ಅದೇ ನೀರನ್ನು ಜನ ಕುಡಿಯುತ್ತಿದ್ದರು. ನಾನು ಊರೂರಿಗೆ ಹೋಗಿ, ಹುಣ್ಣಿದ್ದವರು ಬಾವಿಗೆ ಇಳಿಯದಂತೆ, ನೀರನ್ನು ಬಟ್ಟೆಯಲ್ಲಿ ಶೋಧಿಸುವಂತೆ ಹೇ‍ಳಿ ಹೇ‍ಳಿ ಜನರ ಬಾಯಲ್ಲಿ ಬಟ್ಟೆ ಕಾಂಪೌಂಡರನಾದೆ. ತಪಾಸಣೆಗೆ ಬಂದ ಹೊಸ ಅಧಿಕಾರಿಗಳು ಎಲ್ಲವನ್ನೂ ನೋಡಿ ಸಂತೋಷಪಟ್ಟರು. ಪುಸ್ತಕದಲ್ಲಿ ಒಂದು ಪುಟ ಹೊಗಳಿ ಬರೆದರು. ಗಾಡಿ ಹತ್ತುವಾಗ, ನಿನ್ನಂಥವನು ಇಲ್ಲಿ ಕೊಳೆಯಬಾರದು, ನಾನು ನೋಡಿಕೊಳ್ಳುತ್ತೇನೆ ಎಂದರು.

ಆಗ ನಾನು ಬಾಯಿ ಬಿಡಬೇಕಿತ್ತು. ಅದುವರೆಗಿನ ಕೆಲಸದಲ್ಲಿ ಎದುರಿಗೆ ನಿಂತು ನನ್ನನ್ನು ಹೊಗಳಿದವರು ಅವರೊಬ್ಬರೇ. ಆ ಮಾತು ಕಿವಿಯಲ್ಲಿ ಇನ್ನಷ್ಟು ಹೊತ್ತು ಇರಲಿ ಎನಿಸಿತು. ಕೈಮುಗಿದು ನಿಂತೆ.

ಮನೆಯಲ್ಲಿ ಗಂಗಮ್ಮ ಕೇಳಿದಳು: "ಏನಂದ್ರು?"

"ಕೆಲಸ ಚೆನ್ನಾಗಿದೆ ಅಂದರು."

"ಇಲ್ಲೇ ಇರ್ತೀನಿ ಅಂತ ಯೋಳುದ್ರಾ?"

"ಇನ್ನೊಂದು ಸಲ ಬಂದಾಗ ಹೇಳಿದರಾಯಿತು."

ಅವಳು ನನ್ನನ್ನು ಒಂದು ಗಳಿಗೆ ನೋಡಿ ಒಲೆಯ ಕಡೆ ತಿರುಗಿದಳು. ಎರಡು ತಿಂಗಳಿಗೆ, ಆ ಗುರುವಾರದ ಟಪಾಲಿನಲ್ಲಿ, ಅವರು ಮಾತು ಉಳಿಸಿಕೊಂಡರು. ಪ್ರಧಾನ ಕಾಂಪೌಂಡರನಾಗಿ ಬಡ್ತಿ. ಸ್ಥಳ ಮಧುಗಿರಿ.

ಬಡ್ತಿ ಬೇಡವೆಂದು ಅರ್ಜಿ ಬರೆದೆ. ಬಡ್ತಿ ಬೇಡ ಎನ್ನುವವನಿಗೆ ಕೆಲಸವೂ ಬೇಡವೆಂದು ತಿಳಿಯಬೇಕಾಗುತ್ತದೆ ಎಂದು ಉತ್ತರ ಬಂತು. ನಾನೊಬ್ಬನೇ ಹೋಗುತ್ತೇನೆ, ನೀನು ಲಕ್ಷ್ಮಕ್ಕನ ಜೊತೆ ಇಲ್ಲಿರು ಎಂದೆ. ಲಕ್ಷ್ಮಕ್ಕನೂ ಹಾಗೆಯೇ ಹೇಳಿದಳು. ಗಂಗಮ್ಮ ಒಪ್ಪಲಿಲ್ಲ. "ನಾಲ್ಕ್ ವರ್ಸ ಬರ್ಲಿಲ್ಲ ಅಂದ್ಮೇಲೆ ಬುಟ್ಟೋಗೈತೆ ಬುಡಿ. ನಿಮ್ಗೆ ಉಪ್ಪಾಕೋದ್ ಯಾವಾಗ ಅಂತಾನೂ ಗೊತ್ತಿಲ್ಲ, ಒಬ್ರೇ ಎಂಗಿರ್ತೀರ?" ಬಿಟ್ಟುಹೋಗುವ ರೋಗ ಅದಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಮಾತನ್ನು ನಂಬಲು ಆಸೆಯಾಯಿತು. ಇಬ್ಬರೂ ಹೋದೆವು.

ನಾವು ಇಲ್ಲದ ನಾಲ್ಕು ವರ್ಷದಲ್ಲಿ ಯುದ್ಧ ಶುರುವಾಗಿತ್ತು. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸುಗಳು ಬೆನ್ನಿಗೆ ಒಂದು ಪೀಪಾಯಿ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಅದನ್ನು ಹೊತ್ತಿಸಲು ಬೆಳಿಗ್ಗೆ ಮುಕ್ಕಾಲು ಗಂಟೆ ತಿದಿ ತಿರುಗಿಸಬೇಕು. ಒಂದು ಬಸ್ಸು ನಮ್ಮ ಬೀದಿಯ ತಿರುವಿನಲ್ಲೇ ನಿಲ್ಲುತ್ತಿತ್ತು. ಬೆಟ್ಟದ ಸಾಲಿನಲ್ಲೆಲ್ಲ ಇದ್ದಿಲು ಸುಡುವ ಗೂಡುಗಳು. ಬಸ್ಸಿನ ಯಜಮಾನನ ಹತ್ತಿರ ಹೋಗಿ, ಬಸ್ಸನ್ನು ಊರ ಹೊರಗೆ ನಿಲ್ಲಿಸಿ ಎಂದು ಕೇಳಿದೆ.

"ಕಾಂಪೌಂಡರ್ ಸ್ವಾಮಿ, ಊರಾಗೆ ಸಾವ್ರ ಒಲೆ ಉರೀತವೆ," ಎಂದ ಅವನು. "ನನ್ ಬಸ್ಸೊಂದೇ ಕಣ್ಣಿಗೆ ಬಿತ್ತಾ ನಿಮ್ಗೆ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎಫೆಡ್ರಿನ್ ಗುಳಿಗೆ ಬರುವುದೂ ಯುದ್ಧದಿಂದ ನಿಂತುಹೋಗಿತ್ತು. ಉಮ್ಮತ್ತಿ ಎಲೆಯನ್ನು ಮತ್ತೆ ಒಣಹಾಕಿದೆ. ಮಾರ್ಗಶಿರದ ಎರಡನೆಯ ವಾರಕ್ಕೆ ಗಂಗಮ್ಮ ಗೋಡೆಗೆ ಒರಗಿ ಕೂತಳು. ಕರೀಂ ಸಾಹೇಬರು ಕೆಲಸ ಬಿಟ್ಟು ಸಿರಾಕ್ಕೆ ಹೋಗಿದ್ದರು.

ಆ ಚಳಿಗಾಲ ಔಷಧಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಟ್ಟಿಯಾದವರು ನುಗ್ಗಿ ಮುಂದೆ ಬರುತ್ತಿದ್ದರು, ಉಸಿರಿಲ್ಲದವರು ಹಿಂದೆ ಉಳಿಯುತ್ತಿದ್ದರು. ಪ್ರಧಾನ ಕಾಂಪೌಂಡರನಾಗಿ ನಾನು ಮಾಡಿದ ಮೊದಲ ಕೆಲಸ ಒಂದು ಹಲಗೆ ಬರೆಸಿದ್ದು: "ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು. ಯಾರೂ ಸಾಲು ಮುರಿಯಬಾರದು." ಮೊದಲ ವಾರ ಜಗಳ, ಆಮೇಲೆ ಜನಕ್ಕೆ ಒಗ್ಗಿತು. ಸಾಲು ಚೆನ್ನಾಗಿ ನಡೆಯಿತು. ಊರಿನಲ್ಲಿ ಅದನ್ನು ಮೆಚ್ಚಿ ಮಾತನಾಡಿದರು.

ಪುಷ್ಯದ ಒಂದು ಬೆಳಿಗ್ಗೆ ಗಂಗಮ್ಮನಿಗೆ ಉಸಿರು ಕಷ್ಟವಾಗಿತ್ತು. ಪೊಟ್ಟಣ ಹೊತ್ತಿಸಿ ಇಟ್ಟೆ. ಸ್ವಲ್ಪ ಇಳಿದಂತಾಯಿತು. ನಾನು ಕೂತೇ ಇದ್ದುದನ್ನು ನೋಡಿ, "ಜನ ಕಾಯ್ತಿರ್ತಾರೆ, ನೀವು ನಡೀರಿ. ನಂಜಪ್ಪೋರು ಇದ್ದಾರಲ್ಲ ಎದ್ರುಗೆ," ಎಂದಳು. ಎದುರು ಮನೆಯ ನಂಜಪ್ಪನವರಿಗೆ ಹೇಳಿ ಹೋದೆ. ಬೀಡಿ ಸೇದದ, ಗಟ್ಟಿ ದನಿ ತೆಗೆಯದ ಸಂಭಾವಿತರು.

ಬಹಳ ಹೊತ್ತಿನ ಮೇಲೆ ತಲೆಯೆತ್ತಿದಾಗ ನಂಜಪ್ಪನವರು ಸಾಲಿನಲ್ಲಿ ನಿಂತಿದ್ದುದು ಕಂಡಿತು. ಮುಂದೆ ಐದಾರು ಜನ. ಅವರ ಕೈಯಲ್ಲಿ ಸೀಸೆ ಇರಲಿಲ್ಲ. ಇಷ್ಟು ತಿಳಿದವರು ಸೀಸೆಯಿಲ್ಲದೆ ಬಂದಿದ್ದಾರಲ್ಲ, ತಿರುಗಿ ಕಳಿಸಬೇಕಾಗುತ್ತದೆ ಎಂದುಕೊಂಡು ಕಾಗದ ಕತ್ತರಿಸುವುದನ್ನು ಮುಂದುವರಿಸಿದೆ. ಅವರ ಸರದಿ ಬಂತು.

"ಸೀಸೆ ಎಲ್ಲಿ ನಂಜಪ್ಪನವರೇ?" ಎಂದೆ.

"ಸೀಸೆಗಲ್ಲ ಸ್ವಾಮಿ. ಅಮ್ಮಾವ್ರು ನಿಮ್ಮನ್ನ ಕರ್ಕೊಂಬಾ ಅಂದ್ರು."

"ಯಾವಾಗ?"

"ಆಗ್ಲೇ ಅಂದ್ರು. ಸಾಲು ಇತ್ತಲ್ಲ."

ನಾನು ಮನೆಗೆ ಓಡಿದೆ. ಗಂಗಮ್ಮ ಗೋಡೆಗೆ ಒರಗಿ ಕೂತೇ ಇದ್ದಳು. ಸೆರಗು ತಲೆಯ ಮೇಲೆ ಹಾಗೆಯೇ ಇತ್ತು. ಕೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ.

ನಂಜಪ್ಪನವರನ್ನು ನಾನು ದೂರಲಾರೆ. ಅವರು ಓದು ಬಲ್ಲವರು, ನನ್ನ ಹಲಗೆಯನ್ನು ಓದಿದ್ದರು. ನಾನು ಆಗಲೇ ಹೋಗಿದ್ದರೂ ನನ್ನ ಕೈಯಲ್ಲಿ ಇದ್ದದ್ದು ಇನ್ನೊಂದು ಪೊಟ್ಟಣವೇ. ಅದರಿಂದ ಏನಾಗುತ್ತಿತ್ತೋ ತಿಳಿಯದು. ಆದರೂ ಹತ್ತಿರ ಇರುತ್ತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಹೇಳಬಹುದಾದ ಮಾತು ಇಷ್ಟೇ: ಸಾಲು ಇರಲಿ, ಆದರೆ ಬರಿಗೈಯಲ್ಲಿ ನಿಂತವರನ್ನು ಮೊದಲು ಹೋಗಿ ಕೇಳಿ.

ಅದಾದ ಮೇಲೂ ಏಳು ವರ್ಷ ಅಲ್ಲಿಯೇ ಕೆಲಸ ಮಾಡಿದೆ. ವರ್ಗ ಕೇಳಲಿಲ್ಲ. ಕೇಳಲು ಕಾರಣವಿರಲಿಲ್ಲ. ಯುದ್ಧ ಮುಗಿಯಿತು, ಪೆಟ್ರೋಲು ಬಂತು, ಗುಳಿಗೆಗಳೂ ಬಂದವು. ಕೆಲಸದಿಂದ ಬಿಡುಗಡೆಯಾದ ವಾರವೇ ಸಾಮಾನು ಕಟ್ಟಿ ಪಾವಗಡಕ್ಕೆ ಬಂದೆ. ಈ ಸಲ ಯಾರಿಗೂ ಅರ್ಜಿ ಬರೆಯಬೇಕಾಗಲಿಲ್ಲ. ಲಕ್ಷ್ಮಕ್ಕ ಬಾಗಿಲಿಗೆ ಬಂದು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂಬಂತೆ ನೋಡಿ, ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಳು.

ಈಗ ಪುಷ್ಯ. ಬೆಳಿಗ್ಗೆ ಬಾಗಿಲು ತೆರೆದರೆ ಬಯಲಿನ ಆಚೆಯ ಗುಡ್ಡದ ಮೇಲಿನ ಒಂದೊಂದು ಬಂಡೆಯೂ ಬೇರೆಬೇರೆಯಾಗಿ ಕಾಣುತ್ತದೆ, ಗಾಳಿ ಅಷ್ಟು ತಿಳಿಯಾಗಿದೆ. ಈ ಮನೆಯಲ್ಲಿ ಗಂಗಮ್ಮ ಇಲ್ಲ.